ಸೆಂಟು ಹಾಕದ ಭಾನುವಾರ

ಹೆಂಡತಿ: ಆ ಬಾಟ್ಲಿ ಕೆಳಗಿಡಿ ಅಂದೆ.

ಗಂಡ: ಮುಚ್ಚಳ ತೆಗೆದಿದ್ದೀನಿ ಅಷ್ಟೆ. ಹಾಕ್ಕೊಂಡಿಲ್ಲ.

ಹೆಂಡತಿ: ಹಾಕ್ಕೊಳ್ಳದೇ ಇರೋರು ಮುಚ್ಚಳ ಯಾಕೆ ತೆಗೀತಾರೆ?

ಗಂಡ: ಒಳಗೆ ಎಷ್ಟು ಉಳಿದಿದೆ ಅಂತ ನೋಡೋಕೆ.

ಹೆಂಡತಿ: ಗಾಜಿನ ಬಾಟ್ಲಿ ರೀ ಅದು. ಹೊರಗಿನಿಂದಲೇ ಕಾಣುತ್ತೆ.

ಗಂಡ ಮುಚ್ಚಳ ಹಾಕಿದ. ಬಾಟ್ಲಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಈ ಮನೆಯಲ್ಲಿ ಇಂಥ ಜಗಳ ಇದುವರೆಗೆ ಆಗಿರಲಿಲ್ಲ. ಅವನದು ಬೆಳ್ಳುಳ್ಳಿಯ ಸಗಟು ವ್ಯಾಪಾರ. ವಾರವಿಡೀ ಗೋದಾಮಿನಲ್ಲಿ ಚೀಲಗಳ ನಡುವೆ ಕೂತು ಕೂತು ಅವನ ಮೂಗು ಕೆಲಸಕ್ಕೆ ರಾಜೀನಾಮೆ ಕೊಟ್ಟು ಎಷ್ಟೋ ಕಾಲವಾಗಿತ್ತು. ಕಣ್ಣು ಕಟ್ಟಿ ಮೂಗಿನ ಕೆಳಗೆ ಹೂವು ಹಿಡಿದರೂ ಒಂದೇ, ಸೀಮೆಎಣ್ಣೆ ಹಿಡಿದರೂ ಒಂದೇ. ಮದುವೆಯಾದ ಹೊಸತರಲ್ಲಿ ಒಮ್ಮೆ ಚರ್ಚಿನಲ್ಲಿ ಅವನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಮಗುವನ್ನು ಕಂಕುಳಿಗೆ ಏರಿಸಿಕೊಂಡು, ಹಿಂದಿನ ಬೆಂಚಿಗೆ ಎದ್ದು ಹೋಗಿದ್ದಳು. ಪಾಪ, ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿಬಿಟ್ಟಿತ್ತು. ಆ ಅವಮಾನ ಇನ್ನೂ ಆರಿರಲಿಲ್ಲ.

ಮುಂದಿನ ವಾರದಿಂದಲೇ ಸೆಂಟು ಶುರುವಾಯಿತು. ತನ್ನ ಮೂಗಿನ ಮೇಲೆ ಭರವಸೆಯಿಲ್ಲದ್ದರಿಂದ ಹೆಂಡತಿಯ ಮೂಗನ್ನು ಆ ಕೆಲಸಕ್ಕೆ ನೇಮಿಸಿಕೊಂಡ. ಹೊರಡುವ ಮುಂಚೆ ಅವಳ ಮುಂದೆ ಕತ್ತು ಬಗ್ಗಿಸಿ ನಿಲ್ಲುವನು. ಅವಳು ಕಾಲರಿನ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಗಂಭೀರವಾಗಿ "ಇನ್ನೊಂದು ಚೂರು" ಅನ್ನುವಳು. ಇವನು ಇನ್ನೊಂದು ಚೂರು ಹಾಕಿಕೊಳ್ಳುವನು. ವರ್ಷಗಳಿಂದ ಹೀಗೆಯೇ ನಡೆದು, ಅವನು ಬೀದಿಯ ತಿರುವಿನಲ್ಲಿರುವಾಗಲೇ ಚರ್ಚಿನಲ್ಲಿದ್ದವರಿಗೆ ಅವನು ಬಂದದ್ದು ಗೊತ್ತಾಗುತ್ತಿತ್ತು.

ಯಾರೂ ಏನೂ ಅಂದಿರಲಿಲ್ಲ. ಆರ್ಗನ್ ನುಡಿಸಲು ಹೊಸ ಟೀಚರ್ ಬಂದ ಮೇಲೆ ಕಷ್ಟ ಶುರುವಾಯಿತು. ಆ ಹೆಂಗಸಿಗೆ ಯಾವ ಸುಗಂಧವೂ ಆಗದು. ಮೂಗಿಗೆ ಬಿತ್ತೋ, ಸೀನು. ಸೀನಿನ ಹಿಂದೆಯೇ ಕಣ್ಣೀರು, ತಲೆನೋವು. ಚರ್ಚಿನ ಹಾಡುಗಾರರ ತಂಡವಾದ ಕ್ವಾಯರಿನಲ್ಲಿ ಇವನದು ದಪ್ಪ ದನಿ, ಆ ದನಿಯವರು ನಿಲ್ಲುವುದು ಸರಿಯಾಗಿ ಆರ್ಗನ್ನಿನ ಹಿಂದೆ. ಹೋದ ವಾರ ಎಲ್ಲರೂ ತಲೆ ತಗ್ಗಿಸಿ ಮೌನ ಪ್ರಾರ್ಥನೆಯಲ್ಲಿದ್ದಾಗ ಟೀಚರಿಗೆ ಸೀನು ಬಂತು. ಎರಡು ಕೈಯೂ ಒಂದು ಕಾಲೂ ಒಟ್ಟಿಗೇ ಆರ್ಗನ್ನಿನ ಮೇಲೆ ಬಿದ್ದವು. ಪ್ರಾರ್ಥನೆ ಮುಗಿಯಿತೆಂದುಕೊಂಡ ಸಭೆ ಎದ್ದು ನಿಂತು ಹಾಡಲು ತೊಡಗಿತು. ಸಭಾಪಾಲಕರೊಬ್ಬರೇ ಕಣ್ಣು ಮುಚ್ಚಿಕೊಂಡು ದೇವರ ಹತ್ತಿರ ಉಳಿದುಬಿಟ್ಟರು.

ಆಮೇಲೆ ಅವರು ಇವನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾದರೆ ಕ್ವಾಯರ್ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತು ಹಾಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದ್ದರು. ಇವತ್ತಿನ ಹಾಡಿನಲ್ಲೋ, ಒಂದು ಚರಣ ಅವನೊಬ್ಬನದೇ. ಕ್ವಾಯರಿಗೆ ಸೇರಿದಂದಿನಿಂದ ಅವನು ಬಾಯಿಬಿಟ್ಟು ಕೇಳದೆ, ಮನಸ್ಸಿನಲ್ಲೇ ಆಸೆಪಟ್ಟು ಕಾದದ್ದು ಅದೊಂದಕ್ಕೆ.

ಗಂಡ: ಸೆಂಟು ಹಾಕ್ಕೊಂಡ್ರೆ ಹಿಂದಿನ ಬೆಂಚು. ಹಾಕ್ಕೊಳ್ಳದಿದ್ರೆ ಬೆಳ್ಳುಳ್ಳಿ. ನೀನೇ ಹೇಳು, ನಾನೆಲ್ಲಿ ನಿಲ್ಲಲಿ?

ಹೆಂಡತಿ: ಸದ್ಯಕ್ಕೆ ಬಚ್ಚಲಲ್ಲಿ. ಇನ್ನೊಂದು ಸಲ ಸ್ನಾನ ಮಾಡಿ ಬನ್ನಿ.

ಗಂಡ: ಆಗಲೇ ಎರಡು ಸಲ ಆಯ್ತು! ಉಜ್ಜಿ ಉಜ್ಜಿ ಚರ್ಮ ತೆಳ್ಳಗಾಗಿದೆ. ಇನ್ನು ಉಜ್ಜಿದ್ರೆ ಒಳಗಿರೋದೆಲ್ಲ ಕಾಣಿಸುತ್ತೆ.

ಹೆಂಡತಿ: ಯಾವ ಸೋಪು ಹಾಕಿದ್ರಿ?

ಗಂಡ: ನಿಂಬೆಹಣ್ಣಿಂದು.

ಹೆಂಡತಿ: ಅಯ್ಯೋ ದೇವರೇ! ನಿಂಬೆಹಣ್ಣಿನ ಸೋಪು ಸುಗಂಧ ಅಲ್ವೇನ್ರೀ?

ಗಂಡ: ನಿಂಬೆಹಣ್ಣು ಹೇಗೆ ಸುಗಂಧ ಆಗುತ್ತೆ? ತರಕಾರಿ ಅಂಗಡೀಲಿ ಮಾರ್ತಾರೆ ಅದನ್ನ.

ಹೆಂಡತಿ: ಚರ್ಚಿನ ಬೋರ್ಡಿನಲ್ಲಿ ಏನು ಬರೆದಿತ್ತು? ಸುಗಂಧ ಬೀರುವ ಯಾವುದೇ ವಸ್ತು ಬೇಡ ಅಂತ.

ಗಂಡ: ಆ ವಸ್ತು ನೀರಿನ ಜೊತೆ ಚರಂಡಿಗೆ ಹೋಯ್ತು. ಇನ್ನು ಏನು ಬೀರಿದ್ರೂ ಅಲ್ಲೇ ಬೀರುತ್ತೆ.

ಹೆಂಡತಿ: ತಲೆಗೇನು ಹಚ್ಚಿದ್ರಿ?

ಗಂಡ: ಎಣ್ಣೆ.

ಹೆಂಡತಿ: ಯಾವ ಎಣ್ಣೆ ಅಂತ ಕೇಳ್ತಿದ್ದೀನಿ.

ಗಂಡ: ಅದೇ... ಹಸಿರು ಬಾಟ್ಲಿ.

ಹೆಂಡತಿ: ಅದರ ಮೇಲೆ ಇಷ್ಟು ದೊಡ್ಡ ಹೂವಿನ ಚಿತ್ರ ಇದೆ!

ಗಂಡ: ಚಿತ್ರ ತಾನೆ? ತಲೆ ಕೂದಲು ದಟ್ಟವಾಗಿರೋ ಹುಡುಗೀದೂ ಚಿತ್ರ ಇದೆ ಅದರ ಮೇಲೆ. ನನ್ನ ತಲೆ ನೋಡು, ಹಾಗೆಲ್ಲಾದ್ರೂ ಆಗಿದೆಯಾ?

ಹೆಂಡತಿ ಒಳಗೆ ಹೋಗಿ ಬಂದಳು. ಬಟ್ಟೆ ಒಗೆಯುವ ಸೋಪಿನ ತುಂಡೊಂದನ್ನು ಅವನ ಅಂಗೈಯಲ್ಲಿಟ್ಟು, ಬಚ್ಚಲಿನ ಕಡೆ ಬೆರಳು ತೋರಿಸಿದಳು. ಅವಳು ವೃತ್ತಿಯಲ್ಲಿ ದರ್ಜಿ. ಬೆರಳು ತೋರಿಸಿದರೆ ಗಿರಾಕಿಗಳೇ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ಇನ್ನು ಗಂಡನ ಪಾಡೇನು! ಅವನು ಹೋದ. ಒಳಗಿನಿಂದ ನೀರಿನ ಸದ್ದು, ಅದರ ಮೇಲೆ ಗೊಣಗಾಟ, ಗೊಣಗಾಟದ ನಡುವೆ ಅವನ ಚರಣದ ಮೊದಲ ಸಾಲು ಕೇಳಿಸಿದವು. ಕೊನೆಗೆ ಒಗೆದ ಬಟ್ಟೆಯಂತೆ ಸುಕ್ಕಾಗಿ ಹೊರಗೆ ಬಂದ.

ಹೆಂಡತಿ: ಹಲ್ಲು?

ಗಂಡ: ಉಪ್ಪಿನಲ್ಲಿ ಉಜ್ಜಿದೆ.

ಹೆಂಡತಿ: ಮುಖಕ್ಕೆ ಪೌಡರು?

ಗಂಡ: ಇಲ್ಲ.

ಹೆಂಡತಿ: ಕತ್ತಿಗೆ?

ಗಂಡ: ಕತ್ತಿಗೆ ಬೇರೆ ಪೌಡರು ಇರುತ್ತಾ? ಏನೂ ಹಾಕಿಲ್ಲ ಕಣೇ. ಹುಟ್ಟಿದಾಗಲೂ ನನ್ನ ಮೈಮೇಲೆ ಇದಕ್ಕಿಂತ ಜಾಸ್ತಿ ಏನೋ ಇತ್ತು.

ಹೆಂಡತಿ: ಕೋಟು ಹಾಕ್ಕೋಬೇಡಿ. ಪೆಟ್ಟಿಗೇಲಿ ನುಸಿಗುಳಿಗೆ ಇಟ್ಟಿದ್ದೆ. ಕ್ವಾಯರಿನ ನಿಲುವಂಗಿ ಮಾತ್ರ ಸಾಕು. ನಿನ್ನೆಯೇ ಒಗೆದು ಒಣಗಿಸಿ ಇಸ್ತ್ರಿ ಮಾಡಿದ್ದೀನಿ. ಪಕ್ಕದ ಮನೆಯವರು ಏನೋ ನೀಲಿ ನೀರು ಕೊಟ್ರು. ಅದನ್ನ ಹಾಕಿದ್ರೆ ಬಟ್ಟೇಲಿ ಯಾವ ವಾಸನೆಯೂ ಉಳಿಯಲ್ವಂತೆ.

ಗಂಡ: ಎಷ್ಟು ಹಾಕಿದೆ?

ಹೆಂಡತಿ: ನಿಮ್ಮ ಚರಣ ಇರೋ ದಿನ ಅಂತ ಎಲ್ಲಾ ಸುರಿದೆ.

ಅವನ ಎದೆ ತುಂಬಿ ಬಂತು. ಹೆಂಡತಿ ಅಂದರೆ ಹೀಗಿರಬೇಕು ಅಂದುಕೊಂಡ. ಬಾಟ್ಲಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿ, ಅವಳ ಮುಂದೆ ಬಂದು ಕತ್ತು ಬಗ್ಗಿಸಿದ.

ಗಂಡ: ನೋಡೇ.

ಅವಳು ಮೂಗು ತಂದಳು. ಕಣ್ಣು ಮುಚ್ಚಿದಳು. ಎಂದಿಗಿಂತ ಒಂದು ಗಳಿಗೆ ಹೆಚ್ಚೇ ನಿಂತಳು.

ಹೆಂಡತಿ: ಏನೂ ಇಲ್ಲ.

ಗಂಡ: ಬೆಳ್ಳುಳ್ಳಿ?

ಹೆಂಡತಿ: ಇಲ್ಲ.

ಗಂಡ: ಕಿವಿ ಹಿಂದೆ? ಬೆಳ್ಳುಳ್ಳಿ ಹೋಗಿ ಅಡಗೋದೇ ಅಲ್ಲಿ.

ಹೆಂಡತಿ: ಅಲ್ಲೂ ಇಲ್ಲ. ನನ್ನ ಮೂಗಿನ ಮೇಲೆ ಅನುಮಾನಾನಾ?

ಗಂಡ: ಛೆ ಛೆ. ಇಷ್ಟು ವರ್ಷ ನಾನು ತಲೆ ಎತ್ತಿ ಓಡಾಡಿದ್ದೇ ಆ ಮೂಗನ್ನ ನಂಬಿಕೊಂಡು.

ಅವಳು ನಿಲುವಂಗಿಯನ್ನು ಮಡಿಸಿ ಚೀಲಕ್ಕೆ ತುಂಬಿದಳು.

ಚರ್ಚಿನ ಪಕ್ಕದಲ್ಲಿ ಕ್ವಾಯರಿನವರು ಬಟ್ಟೆ ಬದಲಾಯಿಸುವ ಕೋಣೆಯಿತ್ತು. ಒಂದು ಗೋಡೆಗೆ ಗೂಟಗಳು, ಇನ್ನೊಂದಕ್ಕೆ ಕಾಲು ಮುರಿದ ಬೆಂಚು, ಒಂದೇ ಕಿಟಕಿ. ಮಿಕ್ಕವರೆಲ್ಲ ಆಗಲೇ ಒಳಗೆ ಹೋಗಿ ಸಾಲಾಗಿ ನಿಂತಿದ್ದರು. ಇವನು ನಿಲುವಂಗಿ ಕೊಡವಿ ತೊಟ್ಟುಕೊಂಡ. ಹೆಂಡತಿ ಗುಂಡಿ ಹಾಕುತ್ತಿದ್ದಳು. ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗಿ ಸಟ್ಟನೆ ನಿಂತಿತು.

ಟೀಚರ್: ಆ... ಆ... ಆಕ್ಷೀ!

ಬಾಗಿಲಲ್ಲಿ ಆರ್ಗನ್ ಟೀಚರ್ ಕಾಣಿಸಿಕೊಂಡರು. ಸಣಕಲು, ನೆಟ್ಟಗಿನ ಹೆಂಗಸು. ಮುಖದ ಅರ್ಧ ಯಾವಾಗಲೂ ಕರವಸ್ತ್ರದ ಹಿಂದೆಯೇ ಇರುತ್ತಿದ್ದುದರಿಂದ ಅವರು ನಗುತ್ತಾರೋ ಇಲ್ಲವೋ ಎಂಬುದು ಸಭೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.

ಗಂಡ: ದೇವರು ಒಳ್ಳೇದು ಮಾಡ್ಲಿ ಟೀಚರ್. ಶೀತಾನಾ?

ಟೀಚರ್: ಶೀತ ಅಲ್ಲ. ಗುಲಾಬಿ.

ಗಂಡ: ಹೊರಗೆ ತೋಟದಿಂದ ಬರ್ತಿರಬೇಕು.

ಟೀಚರ್: ಹೊರಗೆ ಸೈಕಲ್ ನಿಲ್ಲಿಸೋ ಜಾಗ ಇದೆ. ತೋಟ ಇಲ್ಲ. ಆಕ್ಷೀ! ನಿಮಗೆ ಹೋದ ವಾರವೇ ಹೇಳಿರಲಿಲ್ವಾ?

ಗಂಡ: ಆಣೆ ಇಟ್ಟು ಹೇಳ್ತೀನಿ, ನಾನು ಇವತ್ತು ಏನೂ ಹಾಕಿಲ್ಲ. ಬಟ್ಟೆ ಸೋಪಿನಲ್ಲಿ ಮೈ ತೊಳೆದು ಬಂದಿದ್ದೀನಿ. ಹಲ್ಲು ಕೂಡ ಉಪ್ಪಿನಲ್ಲಿ. ಬೇಕಾದ್ರೆ ನೋಡಿ.

ಟೀಚರ್: ಹಲ್ಲು ತೋರಿಸಬೇಡಿ.

ಗಂಡ: ಸಾಕ್ಷಿ ಇದ್ದಾಳೆ ಟೀಚರ್. ನನ್ನ ಹೆಂಡತಿ ಕಿವಿ ಹಿಂದೆ ತನಕ ಮೂಸಿ ನೋಡಿದ್ದಾಳೆ. ಹೇಳೇ.

ಹೆಂಡತಿ: ಹೌದು ಟೀಚರ್. ಏನೂ ಇಲ್ಲ.

ಟೀಚರ್: ಅಮ್ಮಾ, ಈ ನಿಲುವಂಗಿಯನ್ನ ಗುಲಾಬಿ ನೀರಲ್ಲಿ ಅದ್ದಿ ತೆಗೆದ ಹಾಗಿದೆ. ಕೆಳಗಿನ ಮೆಟ್ಟಿಲಲ್ಲೇ ನನಗೆ ಕಣ್ಣಲ್ಲಿ ನೀರು ಬಂತು. ಅದನ್ನ ಹಿಡಿದು ಗುಂಡಿ ಹಾಕ್ತಿದ್ದೀರಿ, ನಿಮಗೆ ಗೊತ್ತಾಗ್ತಿಲ್ವಾ?

ಗಂಡ: ಟೀಚರ್, ನನ್ನನ್ನ ಏನಾದ್ರೂ ಅನ್ನಿ. ಅವಳ ಮೂಗಿನ ಸುದ್ದಿಗೆ ಬರಬೇಡಿ. ನಿಮಗೆ ಬರೋದು ಸೀನು. ಅವಳದು ಅನುಭವ.

ಹೆಂಡತಿ ಕೈಯಲ್ಲಿದ್ದ ಗುಂಡಿಯನ್ನು ಬಿಟ್ಟಳು.

ಹೆಂಡತಿ: ರೀ... ನನಗೆ ವಾಸನೆ ಗೊತ್ತಾಗಲ್ಲ.

ಗಂಡ: ಇವತ್ತು ಮೂಗು ಕಟ್ಟಿದೆಯಾ?

ಹೆಂಡತಿ: ಇವತ್ತಲ್ಲ.

ಗಂಡ: ನಿನ್ನೆಯಿಂದಾನಾ?

ಹೆಂಡತಿ: ನಿನ್ನೆಯಿಂದಲೂ ಅಲ್ಲ. ದೊಡ್ಡ ಮಗಳು ಹುಟ್ಟಿದಾಗ ನನಗೆ ಜೋರು ಜ್ವರ ಬಂದಿತ್ತಲ್ಲ, ಆವಾಗಿನಿಂದ.

ಗಂಡ: ದೊಡ್ಡ ಮಗಳಿಗೆ ಮದುವೆ ಆಗಿದೆ ಕಣೇ!

ಹೆಂಡತಿ: ಗೊತ್ತು ರೀ. ಆ ಮದುವೇಲಿ ನಾನೂ ಇದ್ದೆ.

ಅವನು ಬೆಂಚಿನ ಮೇಲೆ ಕೂರಲು ಹೋದ. ಕಾಲು ಮುರಿದ ಬೆಂಚು ಅನ್ನುವುದು ನೆನಪಾಗಿ ಅರ್ಧದಲ್ಲೇ ಎದ್ದ.

ಗಂಡ: ಹಾಗಾದ್ರೆ ಭಾನುವಾರ ಭಾನುವಾರ "ಇನ್ನೊಂದು ಚೂರು, ಇನ್ನೊಂದು ಚೂರು" ಅಂತಿದ್ದೆಯಲ್ಲ?

ಹೆಂಡತಿ: ನನಗೆ ಏನೂ ಬರ್ತಿರಲಿಲ್ಲ. ಬರಲಿಲ್ಲ ಅಂದ್ರೆ ಸಾಲದು ಅಂತ ತಾನೆ?

ಟೀಚರ್: ಆಕ್ಷೀ! ಯೋಚನೆ ಏನೋ ಸರಿಯಾಗೇ ಇದೆ.

ಗಂಡ: ಮತ್ತೆ ಸಾಕು ಅಂತ ಯಾವ ಆಧಾರದ ಮೇಲೆ ಹೇಳ್ತಿದ್ದೆ?

ಹೆಂಡತಿ: ಕಿಟಕಿ ಮೇಲೆ ಕೂತಿರೋ ನೊಣ ಎದ್ದು ಹೊರಗೆ ಹೋದಾಗ.

ಗಂಡ: ನೊಣ! ನನ್ನ ಮರ್ಯಾದೆಯನ್ನೆಲ್ಲ ಒಂದು ನೊಣದ ಕೈಗೆ ಕೊಟ್ಟಿದ್ದೆಯಾ? ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?

ಹೆಂಡತಿ: ಹೇಗೆ ಹೇಳ್ಲಿ? ವಾರವಿಡೀ ನಿಮಗೆ ಗೋದಾಮು, ಲಾರಿ, ಚೀಲ. ಮನೆಗೆ ಬಂದ್ರೆ ಊಟ, ನಿದ್ದೆ. ನಾನು ಹೊಸ ಬಟ್ಟೆ ಉಟ್ಟು ಎದುರಿಗೆ ನಿಂತ್ರೂ ಪಕ್ಕಕ್ಕೆ ಸರಿ, ದೀಪಕ್ಕೆ ಅಡ್ಡ ಆಯ್ತು ಅಂತೀರಿ. ಭಾನುವಾರ ಒಂದು ದಿನ ತಾವಾಗೇ ಬಂದು, ಕತ್ತು ಬಗ್ಗಿಸಿ, ನೋಡೇ ಅಂತೀರಿ. ಮೂಗಿಲ್ಲ ಅಂದುಬಿಟ್ರೆ ಅದೂ ನಿಂತುಹೋಗ್ತಿತ್ತು.

ಬೈಯಲು ಬಾಯಿ ತೆರೆದವನು ಅವಳು ಅರ್ಧಕ್ಕೆ ಬಿಟ್ಟಿದ್ದ ಗುಂಡಿಯನ್ನು ತಾನೇ ಹಾಕಿಕೊಂಡ. ಅವಳ ಮೇಲೆ ಅವನಿಗೆ ಇಷ್ಟೊಂದು ಪ್ರೀತಿ ಬಂದು ಎಷ್ಟು ಕಾಲವಾಗಿತ್ತೋ, ಅದೂ ಇಂಥ ಹೊತ್ತಲ್ಲದ ಹೊತ್ತಿನಲ್ಲಿ. ಟೀಚರ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಗುಲಾಬಿಯ ಕಾಟ ಅಂತ ಯಾರೂ ಕೇಳದೆಯೇ ಹೇಳಿದರು.

ಚರ್ಚಿನ ಗಂಟೆ ಮೊಳಗಿತು.

ಟೀಚರ್: ಮೊದಲು ಅದನ್ನ ತೆಗೆದು ಹೊರಗೆ ಹಾಕಿ. ಬರೀ ಅಂಗಿಯಲ್ಲಿ ನಿಂತು ಹಾಡಿ.

ಗಂಡ ಆತುರಾತುರವಾಗಿ ನಿಲುವಂಗಿ ಕಳಚಿದ. ಹೆಂಡತಿ ಅದನ್ನು ಮುದ್ದೆ ಮಾಡಿ ಸೈಕಲ್‌ಗಳ ಕಡೆಗೆ ಓಡಿದಳು. ತೆಳ್ಳನೆಯ ಬಿಳಿ ಅಂಗಿಯಲ್ಲಿ ನಿಂತಾಗ ಅವನಿಗೆ ಒಮ್ಮೆಲೇ ಹೊಳೆಯಿತು. ಸೆಂಟಿಲ್ಲ, ಸೋಪಿಲ್ಲ, ಎಣ್ಣೆಯಿಲ್ಲ, ಈಗ ನಿಲುವಂಗಿಯೂ ಇಲ್ಲ. ಏನೂ ಇಲ್ಲ ಎಂದು ಭರವಸೆ ಕೊಟ್ಟ ಮೂಗೂ ಇಲ್ಲ. ಇನ್ನು ಉಳಿದದ್ದು ಅವನೂ ಅವನ ಬೆಳ್ಳುಳ್ಳಿಯೂ. ಎದುರಿಗೆ ನಿಂತಿದ್ದಾರೆ, ಈ ಸಭೆಯಲ್ಲೇ ಅತಿ ಚುರುಕಾದ ಮೂಗಿನವರು.

ಗಂಡ: ಟೀಚರ್... ಒಂದು ಮಾತು ಕೇಳ್ತೀನಿ. ಮುಲಾಜಿಲ್ಲದೆ ಹೇಳಿ.

ಟೀಚರ್: ಬೇಗ ಕೇಳಿ.

ಗಂಡ: ನನ್ನ ಹತ್ರ ಬೆಳ್ಳುಳ್ಳಿ ವಾಸನೆ ಬರುತ್ತಾ?

ಟೀಚರ್ ಒಂದು ಹೆಜ್ಜೆ ಮುಂದೆ ಬಂದರು. ಕರವಸ್ತ್ರ ಕೆಳಗಿಳಿಸಿದರು. ಅಷ್ಟು ದಿನಗಳಲ್ಲಿ ಅವನು ಆ ಮೂಗನ್ನು ಪೂರ್ತಿಯಾಗಿ ಕಂಡದ್ದು ಅದೇ ಮೊದಲು. ಅದು ಎರಡು ಸಲ ಅರಳಿತು.

ಟೀಚರ್: ಬರುತ್ತೆ.

ಗಂಡ: ಸ್ವಲ್ಪಾನಾ?

ಟೀಚರ್: ಚೆನ್ನಾಗೇ ಬರುತ್ತೆ.

ಓಡಿಹೋಗಿ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅವನು ಅಂಗಿಯ ಕಾಲರನ್ನು ಮೇಲಕ್ಕೆಳೆದುಕೊಂಡು, ಅದರೊಳಗೇ ಇಳಿದುಹೋಗುವವನಂತೆ ಕುಗ್ಗಿ ನಿಂತಿದ್ದ.

ಗಂಡ: ಸರಿ. ನಾನು ಹಿಂದಿನ ಬೆಂಚಿಗೆ ಹೋಗ್ತೀನಿ. ನನ್ನ ಚರಣ ಬೇರೆ ಯಾರಾದ್ರೂ ಹಾಡ್ಲಿ.

ಟೀಚರ್: ಯಾಕೆ?

ಗಂಡ: ಯಾಕೆ ಅಂದ್ರೆ? ಬೆಳ್ಳುಳ್ಳಿ!

ಟೀಚರ್: ನಾನೀಗ ಸೀನಿದ್ನಾ?

ಗಂಡ ತಲೆಯೆತ್ತಿದ. ಹೆಂಡತಿಯೂ ಕಿವಿಗೊಟ್ಟಳು. ನಿಜ, ಕೋಣೆ ಸ್ತಬ್ಧವಾಗಿತ್ತು.

ಟೀಚರ್: ನನಗೆ ಆಗದೇ ಇರೋದು ಹೂವು, ಪೌಡರು, ಸೆಂಟು. ಬೆಳ್ಳುಳ್ಳಿಗೆ ನಾನ್ಯಾಕೆ ಸೀನಲಿ? ಬೆಳ್ಳುಳ್ಳಿ ಅಂದ್ರೆ ಒಲೆ ಮೇಲೆ ಏನೋ ಬೇಯ್ತಿದೆ ಅಂತ. ಬೆಳಿಗ್ಗೆ ಏನೂ ತಿಂದು ಬಂದಿಲ್ಲ ನಾನು. ಹೊಟ್ಟೆ ಹಸೀತಿದೆ ಅಷ್ಟೆ. ಕಟ್ಟಿಕೊಂಡಿದ್ದ ಮೂಗೂ ಬಿಟ್ಟಿತು.

ಗಂಡ: ಹಾಗಾದ್ರೆ ನಾನು... ಹಿಂದೆ ನಿಲ್ಲಬೇಕಾಗಿಲ್ವಾ?

ಟೀಚರ್: ಹಿಂದೆ ಯಾಕೆ? ಇನ್ನೂ ಮುಂದೆ ಬನ್ನಿ. ಆರ್ಗನ್ನಿಗೆ ಅಂಟಿಕೊಂಡು, ನನ್ನ ಎಡಗಡೆ ನಿಲ್ಲಿ. ಆ ಕಡೆ ಸಾಲಿನವರು ಮುಖಕ್ಕೆ ಪೌಡರು ಬಳಿದುಕೊಂಡು ಬರ್ತಾರಲ್ಲ, ಅದರ ವಾಸನೆ ನನ್ನ ತನಕ ಬರಬಾರದು. ಅಡ್ಡ ನಿಂತು ತಡೀರಿ.

ಹೆಂಡತಿ: ಟೀಚರ್, ಬೇಕಾದ್ರೆ ಜೇಬಿನಲ್ಲಿ ಎರಡು ಗೆಡ್ಡೆ ಇಟ್ಟು ಕಳಿಸ್ತೀನಿ ಮುಂದಿನ ವಾರ.

ಗಂಡ: ನೀನು ಸುಮ್ನಿರು. ಇನ್ನು ಮೇಲೆ ವಾಸನೆ ವಿಷಯ ಟೀಚರ್ ನೋಡ್ಕೊಳ್ತಾರೆ.

ಹೆಂಡತಿಯ ಮುಖ ಸಣ್ಣಗಾಯಿತು. ಅದು ಅವನ ಕಣ್ಣಿಗೆ ಬಿತ್ತು. ಮೊದಲಾಗಿದ್ದರೆ ಬೀಳುತ್ತಿರಲಿಲ್ಲ. ಬಾಗಿಲಿನ ಹೊರಗೆ ಕಾಲಿಟ್ಟವನು ತಿರುಗಿ ಬಂದ.

ಗಂಡ: ಕಾಲರು ಸರಿಯಾಗಿದೆಯಾ ನೋಡು. ಅದು ದರ್ಜಿ ಕೆಲಸ. ಅದಕ್ಕೆ ಮೂಗು ಬೇಕಾಗಿಲ್ಲ.

ಅವಳು ಕಾಲರು ಸರಿಪಡಿಸಿದಳು. ಸರಿಯಾಗಿಯೇ ಇದ್ದದ್ದನ್ನು ಇನ್ನೊಮ್ಮೆ ಸರಿಪಡಿಸಿದಳು. ಟೀಚರ್ ಹೊರಗಿನಿಂದ ಕೆಮ್ಮಿದರು. ಅದು ಸುಗಂಧದ ಕೆಮ್ಮಲ್ಲ.

ಅವತ್ತಿನ ಆರಾಧನೆಯಲ್ಲಿ ಒಂದೇ ಒಂದು ಸೀನೂ ಕೇಳಿಸಲಿಲ್ಲ. ಮೌನ ಪ್ರಾರ್ಥನೆ ಮೌನವಾಗಿಯೇ ಮುಗಿಯಿತು. ಸಭಾಪಾಲಕರು ಕೊನೆಯಲ್ಲಿ ಒಂದು ಕಣ್ಣು ತೆರೆದು ಎಲ್ಲರೂ ಕೂತೇ ಇದ್ದಾರೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೆಳ್ಳುಳ್ಳಿ ವ್ಯಾಪಾರಿಯ ಚರಣ ಬಂತು. ನಿಲುವಂಗಿಗಳ ಸಾಲಿನಲ್ಲಿ ತಾನೊಬ್ಬನೇ ಬಿಳಿ ಅಂಗಿಯಲ್ಲಿ ನಿಂತು, ಜೀವಮಾನದ ಆಸೆಯನ್ನೆಲ್ಲ ಒಟ್ಟುಗೂಡಿಸಿ, ಕಣ್ಣು ಮುಚ್ಚಿ ಹಾಡಿದ. ಮೊದಲ ಸಾಲಿನಲ್ಲಿ ಅವನೂ ಆರ್ಗನ್ನೂ ಜೊತೆಯಾಗಿದ್ದರು. ಎರಡನೆಯದರಲ್ಲಿ ಅವನು ಒಂದು ದಾರಿ ಹಿಡಿದ. ಆರ್ಗನ್ ಇನ್ನೊಂದು ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಹಿಂದೆ ನೋಡಿ, ಬಂದು ಅವನ ಕೈ ಹಿಡಿದು ಕರೆದುಕೊಂಡು ಹೋಯಿತು. ಕೊನೆಯ ಸಾಲಿನಲ್ಲಿ ಅವನು ಮತ್ತೆ ತಪ್ಪಿಸಿಕೊಂಡ. ಮುಂದಿನ ಬೆಂಚಿನಲ್ಲಿ ಹೆಂಡತಿ ಮಾತ್ರ ಒಂದಕ್ಷರ ಬಿಡದೆ ಕೇಳಿ, ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಸಭೆ ಚದುರಿದ ಮೇಲೂ ಅವನು ಆರ್ಗನ್ನಿನ ಪಕ್ಕವೇ ನಿಂತಿದ್ದ. ಮುಖವೆಲ್ಲ ಬೆವರು, ಬೆವರಿನ ಮೇಲೆಲ್ಲ ನಗು. ಹೆಂಡತಿಯೂ ಹತ್ತಿರ ಬಂದು ನಿಂತಳು.

ಗಂಡ: ಹೇಗಿತ್ತು ಟೀಚರ್?

ಟೀಚರ್ ಆರ್ಗನ್ನಿನ ಮುಚ್ಚಳವನ್ನು ನಿಧಾನವಾಗಿ ಇಳಿಸಿದರು. ಕರವಸ್ತ್ರ ಮಡಿಲಲ್ಲೇ ಇತ್ತು. ಅವರು ನಗುತ್ತಾರೆ ಅನ್ನುವುದು ಆಗ ಇತ್ಯರ್ಥವಾಯಿತು.

ಟೀಚರ್: ಮೂಗಿಗೆ ಯಾವ ತೊಂದರೆಯೂ ಆಗಲಿಲ್ಲ. ಶನಿವಾರ ಸಂಜೆ ಬನ್ನಿ, ಕಿವಿಗೂ ಆಗದ ಹಾಗೆ ನೋಡ್ಕೊಳ್ಳೋಣ.